ಮಕ್ಕಳ ಜೊತೆ ಪಾರ್ಕ್, ಕಾಡು, ಬಯಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ರಜೆ ಬಂದಿದೆ, ಎಲ್ಲಾದರೂ ಹಸಿರು ಇರುವ ಕಡೆ ಹೋಗೋಣ ಅನ್ನುವವರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ. ಕೆಲವು ಉದ್ದ ಇವೆ, ಅಲ್ಲಿ ಹೇಳಬೇಕಾದ್ದು ಜಾಸ್ತಿ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹತ್ತಿರದ ಜಾಗಕ್ಕೆ ಹೋಗಿ, ಮಗುವಿನ ವೇಗದಲ್ಲಿ ಹೋಗಿ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ.

ಎಷ್ಟು ವಯಸ್ಸಾದ ಮೇಲೆ ಕರೆದುಕೊಂಡು ಹೋಗಬಹುದು?

ವಯಸ್ಸಿನ ಗಡಿ ಅಂತ ಏನೂ ಇಲ್ಲ. ಕುತ್ತಿಗೆ ನಿಂತ ಕೂಸನ್ನು ಎದೆಗೆ ಕಟ್ಟಿಕೊಂಡು ಪಾರ್ಕಿನಲ್ಲಿ ಅರ್ಧ ಗಂಟೆ ಅಡ್ಡಾಡಿದರೂ ಸಾಕು. ಮರದ ಕೆಳಗೆ ನಿಂತರೆ ಎಲೆಗಳು ಅಲ್ಲಾಡುವುದನ್ನು ಅದು ಎಷ್ಟು ಹೊತ್ತು ನೋಡುತ್ತದೆ ಅಂತ ಗಮನಿಸಿ.

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವುದಕ್ಕಿಂತ ನೆರಳಿನಲ್ಲಿ ಇಟ್ಟುಕೊಳ್ಳುವುದು ಮೇಲು. ತೆಳುವಾದ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಇರಲಿ. ಸೊಳ್ಳೆ ಬರದಂತೆ ಹಚ್ಚುವ, ಡೀಟ್ (DEET) ಅನ್ನುವ ರಾಸಾಯನಿಕ ಇರುವ ಕ್ರೀಮ್ ಎರಡು ತಿಂಗಳೊಳಗಿನ ಕೂಸಿಗೆ ಬೇಡವೇ ಬೇಡ. ದೊಡ್ಡ ಮಕ್ಕಳಿಗೂ ಅಂಗೈಗೆ ಹಚ್ಚಬೇಡಿ, ಕೈ ಸೀದಾ ಬಾಯಿಗೆ ಹೋಗುತ್ತದೆ.

ಅಭಯಾರಣ್ಯದ ಸಫಾರಿ ಮಾತ್ರ ಬೇರೆ ಲೆಕ್ಕ. ಗಂಟೆಗಟ್ಟಲೆ ಗಾಡಿಯಲ್ಲಿ ಕೂರಬೇಕು, ಮಾತಾಡಬಾರದು, ಕೆಳಗೆ ಇಳಿಯುವ ಹಾಗಿಲ್ಲ. ಮೂರು ವರ್ಷದ ಮಗುವಿಗೆ ಇದು ಶಿಕ್ಷೆಯೇ. ಐದಾರು ವರ್ಷ ಆಗುವವರೆಗೆ ಕಾಲಿಂದ ನಡೆದು, ಕೈಯಿಂದ ಮುಟ್ಟಿ ನೋಡುವ ಜಾಗಗಳನ್ನೇ ಆರಿಸಿಕೊಳ್ಳಿ ಅನ್ನುವುದು ನನ್ನ ಸಲಹೆ.

ಪಾರ್ಕ್, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಜೀವಗೋಳ ಮೀಸಲು: ಇವೆಲ್ಲ ಒಂದೇ ಅಲ್ವಾ?

ಅಲ್ಲ. ಊರಿನ ಪಾರ್ಕ್ ಜನರಿಗೆ ಅಂತಲೇ ಮಾಡಿದ್ದು. ಹುಲ್ಲಿನ ಮೇಲೆ ಓಡಬಹುದು, ಚೆಂಡು ಆಡಬಹುದು. ರಾಷ್ಟ್ರೀಯ ಉದ್ಯಾನದಲ್ಲೂ ಅಭಯಾರಣ್ಯದಲ್ಲೂ ಮೊದಲ ಹಕ್ಕು ಅಲ್ಲಿನ ಜೀವಗಳದ್ದು, ನಾವು ಅತಿಥಿಗಳು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅಂತ ಸಾಮಾನ್ಯವಾಗಿ ಹೇಳುವುದು ಅಮೆರಿಕದ ಯೆಲ್ಲೋಸ್ಟೋನ್ ಅನ್ನು, ಅದು ಶುರುವಾದದ್ದು 1872ರಲ್ಲಿ.

ಜೀವಗೋಳ ಮೀಸಲು ಅನ್ನುವುದು ಯುನೆಸ್ಕೋ 1971ರಲ್ಲಿ ಶುರು ಮಾಡಿದ 'ಮಾನವ ಮತ್ತು ಜೀವಗೋಳ' ಕಾರ್ಯಕ್ರಮದಿಂದ ಬಂದದ್ದು. ಅದರಲ್ಲಿ ಮೂರು ವಲಯ ಇರುತ್ತವೆ. ನಡುವೆ ಕಟ್ಟುನಿಟ್ಟಾಗಿ ಕಾಯುವ ಒಳಕಾಡು, ಅದರ ಸುತ್ತ ಓದು, ಸಂಶೋಧನೆ, ತಿರುಗಾಟಕ್ಕೆ ಸ್ವಲ್ಪ ಜಾಗ ಬಿಡುವ ಅಂಚು, ಅದರಾಚೆ ಜನ ವಾಸ ಮಾಡಿ ಬೇಸಾಯ ಮಾಡುವ ಹೊರವಲಯ. ಮನೆಮಂದಿಯೆಲ್ಲ ಹೋಗುವುದಾದರೆ ಹೊರಗಿನ ಎರಡು ವಲಯ ಧಾರಾಳ ಸಾಕು. ಹಕ್ಕಿ, ಚಿಟ್ಟೆ, ಹೂವು ಅಲ್ಲೇನೂ ಕಡಿಮೆ ಇರುವುದಿಲ್ಲ, ಇಳಿದು ನಡೆಯುವ ಅವಕಾಶವೂ ಅಲ್ಲೇ ಜಾಸ್ತಿ.

ಹೋಗುವ ಮುಂಚೆ ಆ ಜಾಗದ ನಿಯಮ ಒಮ್ಮೆ ಓದಿಕೊಳ್ಳಿ. ಬಾಗಿಲು ಮುಚ್ಚುವ ಹೊತ್ತು, ವಾರದ ರಜೆ, ಮುಂಗಡ ಬುಕಿಂಗ್, ಕಾಳ್ಗಿಚ್ಚಿನ ಕಾಲದಲ್ಲಿ ಬಂದ್ ಇದೆಯಾ ಅನ್ನುವುದು, ಇಷ್ಟು ಗೊತ್ತಿದ್ದರೆ ಗೇಟಿನ ಮುಂದೆ ನಿಂತು ಅಳುವ ಮಗುವನ್ನು ಸಮಾಧಾನ ಮಾಡುವ ಕಷ್ಟ ತಪ್ಪುತ್ತದೆ.

ಮಗು ಎಷ್ಟು ದೂರ ನಡೆಯುತ್ತದೆ?

ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ ದೂರ, ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು. ಬೆಟ್ಟ ಹತ್ತುವವರಿಗೆ ಒಂದು ಹಳೆಯ ಲೆಕ್ಕ ಇದೆ, ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು: ಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ನಾಲ್ಕು ವರ್ಷದ ಮಗು ಜೊತೆಗಿದ್ದರೆ ಗಂಟೆಗೆ ಒಂದು ಕಿಲೋಮೀಟರ್ ಅಂತ ಹಿಡಿಯಿರಿ. ಅದಕ್ಕಿಂತ ಬೇಗ ಆದರೆ ಲಾಭ.

ಸೋಲುವುದು ಕಾಲು ಮಾತ್ರ ಅಲ್ಲ, ಮನಸ್ಸೂ ಸೋಲುತ್ತದೆ. "ಇನ್ನೂ ಎಷ್ಟು ದೂರ" ಅಂತ ರಾಗ ಶುರುವಾದ ಮಗು, ಒಂದು ಬಿದ್ದ ಮರ ಕಂಡ ತಕ್ಷಣ ಅದರ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಅರ್ಧ ಗಂಟೆ ಕುಣಿಯುತ್ತದೆ, ಆಗ ಕಾಲುನೋವು ಎಲ್ಲಿ ಹೋಯಿತು? ಅದಕ್ಕೇ ದಾರಿ ಆರಿಸುವಾಗ ನಡುವೆ ಏನಿದೆ ಅಂತ ನೋಡಿ: ಬಂಡೆ, ಸಣ್ಣ ಸೇತುವೆ, ಕೊಳ. ಸುತ್ತಿ ಬಂದು ಹೊರಟ ಜಾಗಕ್ಕೇ ಸೇರುವ ದಾರಿಗಿಂತ, ಹೋದ ದಾರಿಯಲ್ಲೇ ವಾಪಸ್ ಬರುವ ದಾರಿ ಚಿಕ್ಕ ಮಕ್ಕಳಿಗೆ ವಾಸಿ. ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲಿಂದ ತಿರುಗಿಬಿಡಬಹುದು. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಮುಗಿಸದೆ ಗತಿಯಿಲ್ಲ, ಕೊನೆಗೆ ಹೆಗಲ ಮೇಲೆ ಹೊರಬೇಕಾಗುತ್ತದೆ.

ಎಷ್ಟು ಹೊತ್ತಿಗೆ ಹೋಗುವುದು ಒಳ್ಳೆಯದು?

ಬೆಳಗ್ಗೆ. ಹಕ್ಕಿಗಳು ಸೂರ್ಯ ಹುಟ್ಟಿದ ಮೊದಲ ಎರಡು ಮೂರು ಗಂಟೆ ಚುರುಕಾಗಿರುತ್ತವೆ, ಬಿಸಿಲು ಎಳೆಯದಾಗಿರುತ್ತದೆ, ಮಕ್ಕಳೂ ಗೆಲುವಾಗಿರುತ್ತಾರೆ. ಇಳಿಹೊತ್ತೂ ಚೆನ್ನ, ಆದರೆ ಕತ್ತಲಾಗುವ ಮುಂಚೆ ಹೊರಗೆ ಬರುವ ಧಾವಂತ ಇರುತ್ತದೆ.

ನಡುಹಗಲಿಗೆ ಒಂದು ಸುಲಭ ಪರೀಕ್ಷೆ ಮಕ್ಕಳಿಗೇ ಕಲಿಸಿ. ನಿನ್ನ ನೆರಳು ನಿನಗಿಂತ ಗಿಡ್ಡ ಇದ್ದರೆ ಬಿಸಿಲು ಜೋರಾಗಿದೆ ಅಂತ ಅರ್ಥ, ಮರದ ಕೆಳಗೆ ಓಡು. ಎತ್ತರದ ಜಾಗದಲ್ಲಿ ತಂಪಾದ ಗಾಳಿ ಬೀಸುತ್ತಿದ್ದರೂ ಮೋಸಹೋಗಬೇಡಿ. ಸಾವಿರ ಮೀಟರ್ ಮೇಲೆ ಹೋದಂತೆಲ್ಲ ಸುಡುವ ಅತಿನೇರಳೆ ಕಿರಣ ಸುಮಾರು ಶೇಕಡ 10ರಷ್ಟು ಹೆಚ್ಚಾಗುತ್ತದೆ.

ಅಷ್ಟು ದೂರ ಹೋಗಿ ಒಂದು ಪ್ರಾಣಿಯೂ ಕಾಣದಿದ್ದರೆ? ಮಕ್ಕಳಿಗೆ ಬೇಜಾರಾಗುವುದಿಲ್ಲವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳುತ್ತೇನೆ: "ಹುಲಿ ತೋರಿಸುತ್ತೇನೆ, ಆನೆ ತೋರಿಸುತ್ತೇನೆ" ಅಂತ ಮಾತು ಕೊಟ್ಟು ಕರೆದುಕೊಂಡು ಹೋಗಬೇಡಿ. ಕೊಟ್ಟ ಮಾತು ಉಳಿಸುವುದು ನಿಮ್ಮ ಕೈಯಲ್ಲಿಲ್ಲ. "ಕಾಡಲ್ಲಿ ಯಾರ್ಯಾರು ಓಡಾಡಿದ್ದಾರೆ, ಗುರುತು ಹುಡುಕೋಣ ಬಾ" ಅನ್ನಿ. ಆಗ ಪ್ರಾಣಿ ಕಾಣದ ದಿನವೂ ನೋಡಲು ಬೇಕಾದಷ್ಟು ಸಿಗುತ್ತದೆ.

ಒದ್ದೆ ಮಣ್ಣು ಎಲ್ಲಿದೆ ನೋಡಿ. ಹಳ್ಳದ ಅಂಚು, ಮಳೆ ನಿಂತ ಗುಂಡಿಯ ಪಕ್ಕ. ಅಲ್ಲಿ ಕುಕ್ಕರಗಾಲಲ್ಲಿ ಕೂತರೆ ಒಂದಲ್ಲ ಒಂದು ಹೆಜ್ಜೆಗುರುತು ಸಿಕ್ಕೇ ಸಿಗುತ್ತದೆ. ಎರಡಾಗಿ ಸೀಳಿದ ಗೊರಸು ಇದ್ದರೆ ಜಿಂಕೆ, ಹಂದಿ, ದನದ ಬಳಗ. ನಾಲ್ಕು ಬೆರಳು, ಹಿಂದೆ ಒಂದು ಮೆತ್ತೆ, ಬೆರಳ ತುದಿಯಲ್ಲಿ ಉಗುರು ಚುಚ್ಚಿದ ಗುರುತು ಕಂಡರೆ ನಾಯಿ, ನರಿಯ ಜಾತಿ. ಅದೇ ಆಕಾರ, ಉಗುರಿನ ಗುರುತು ಮಾತ್ರ ಇಲ್ಲ ಅಂದರೆ ಬೆಕ್ಕಿನ ಜಾತಿ ಇರಬಹುದು. ಬೆಕ್ಕುಗಳು ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತವೆ. ಇಷ್ಟು ಗೊತ್ತಾದರೆ ಸಾಕು, ಮಗು ಪತ್ತೇದಾರಿಕೆಗೆ ಇಳಿದುಬಿಡುತ್ತದೆ. ಹೆಜ್ಜೆಯ ಅಂಚು ಚೂಪಾಗಿದೆಯಾ, ಕುಸಿದಿದೆಯಾ? ಅದರೊಳಗೆ ಎಲೆ ಬಿದ್ದಿದೆಯಾ? ಅದರ ಮೇಲೆ ಇರುವೆ ಹೋದ ಗೆರೆ ಇದೆಯಾ? ಚೂಪಾಗಿದ್ದರೆ ಹೊಸದು, ಕುಸಿದು ಕಸ ತುಂಬಿದ್ದರೆ ಹಳೆಯದು. ತುಂಬಾ ಹೊಸದು, ತುಂಬಾ ದೊಡ್ಡದು ಅನ್ನಿಸಿದರೆ ಅಲ್ಲಿಂದ ಹೊರಡುವುದು ಜಾಣತನ, ಅದನ್ನೂ ಹೇಳಿಬಿಡುತ್ತೇನೆ.

ಲದ್ದಿ, ಹಿಕ್ಕೆ ಕೂಡ ಹೀಗೇ. ಮಕ್ಕಳು ಮೂಗು ಮುಚ್ಚಿ ನಗುತ್ತಾರೆ, ನಗಲಿ. ಆಮೇಲೆ ಕಡ್ಡಿಯಿಂದ ತೋರಿಸಿ (ಕೈಯಿಂದ ಬೇಡ): ಗುಂಡುಗುಂಡಾದ ಹಿಕ್ಕೆ ಹುಲ್ಲು ತಿನ್ನುವುದರದ್ದು, ಕೂದಲು ಸೇರಿಕೊಂಡು ತಿರುಚಿದಂತೆ ಇರುವುದು ಬೇಟೆಗಾರ ಪ್ರಾಣಿಯದ್ದು, ಬರೀ ಬೀಜಗಳೇ ತುಂಬಿದ್ದರೆ ಹಣ್ಣು ತಿಂದವರದ್ದು. ಆ ಬೀಜಗಳು ಅಲ್ಲೇ ಮೊಳೆತು ಮರವಾಗಬಹುದು ಅಂತ ಹೇಳಿದರೆ ಐದು ವರ್ಷದ ಮಗುವಿಗೂ ಕಾಡು ಹೇಗೆ ಬೆಳೆಯುತ್ತದೆ ಅನ್ನುವುದು ಅರ್ಥ ಆಗುತ್ತದೆ.

ಇನ್ನೂ ಚಿಕ್ಕವರಾದರೆ ಒಂದು ಮರ ಸಾಕು. ಕಾಂಡದ ಮೇಲೆ ಇರುವೆ ಸಾಲು ಹೋಗುತ್ತಿರುತ್ತದೆ. ಎದುರುಬದುರು ಬಂದ ಎರಡು ಇರುವೆಗಳು ಒಂದು ಕ್ಷಣ ನಿಂತು, ಮೀಸೆ ತಾಗಿಸಿ, ಪಕ್ಕಕ್ಕೆ ಸರಿದು ಮುಂದೆ ಹೋಗುತ್ತವೆ. ಮೂಸಿ ನೋಡಿ ನಮ್ಮವರಾ ಬೇರೆಯವರಾ ಅಂತ ಗುರುತಿಸುವ ರೀತಿ ಅದು. ಮಗು ಅಲ್ಲೇ ನಿಂತುಬಿಟ್ಟರೆ ಎಳೆಯಬೇಡಿ. ನೀವೂ ಪಕ್ಕದಲ್ಲಿ ಕೂತು ನೋಡಿ.

ಬೈನಾಕ್ಯುಲರ್ ಬೇಕಾ? ಯಾವುದು?

ಎಂಟು ವರ್ಷದ ಮೇಲಾದರೆ ತುಂಬಾ ಉಪಯೋಗ. ಅದರ ಮೇಲೆ 8x32, 8x42 ಅಂತ ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಮಕ್ಕಳಿಗೆ 8ಕ್ಕಿಂತ ಜಾಸ್ತಿ ಬೇಡ, 6 ಆದರೂ ಸರಿ. ಪಟ್ಟು ಹೆಚ್ಚಿದಷ್ಟೂ ಕೈನಡುಕ ಹೆಚ್ಚಾಗಿ ಕಾಣುತ್ತದೆ, ನೋಡುವ ಜಾಗವೂ ಕಿರಿದಾಗುತ್ತದೆ. ಕೊಳ್ಳುವ ಮುಂಚೆ ಮಗುವಿನ ಎರಡೂ ಕಣ್ಣಿಗೆ ಕೂರುವಷ್ಟು ಹತ್ತಿರಕ್ಕೆ ಮಡಚುತ್ತದಾ ಅಂತ ನೋಡಿ, ಹಲವು ಬೈನಾಕ್ಯುಲರ್‌ಗಳು ಅಷ್ಟು ಮಡಚುವುದಿಲ್ಲ.

ಬಳಸುವ ಉಪಾಯ: ಹಕ್ಕಿಯ ಮೇಲಿಟ್ಟ ಕಣ್ಣು ತೆಗೆಯದೆ, ತಲೆ ಅಲ್ಲಾಡಿಸದೆ, ಬೈನಾಕ್ಯುಲರನ್ನು ಮೆಲ್ಲಗೆ ಕಣ್ಣಿಗೆ ತರಬೇಕು. ಮೊದಲು ಅಲುಗಾಡದ ಕೊಂಬೆಯ ಮೇಲೆ ಅಭ್ಯಾಸ ಮಾಡಿಸಿ. ಸೂರ್ಯನ ಕಡೆ ಯಾವತ್ತೂ ತಿರುಗಿಸಬಾರದು, ಕಣ್ಣು ಶಾಶ್ವತವಾಗಿ ಹೋಗಬಹುದು. ಇದನ್ನು ಕೊಡುವ ಮುಂಚೆಯೇ ಹೇಳಬೇಕು.

ಹಕ್ಕಿ, ಹೂವಿನ ಹೆಸರು ಹೇಳುವ ಆ್ಯಪ್‌ಗಳು ಹೇಗೆ?

ಚೆನ್ನಾಗಿವೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಹಕ್ಕಿಯ ಕೂಗು ಕೇಳಿಸಿಕೊಂಡು ಇದು ಇಂಥದ್ದು ಇರಬಹುದು ಅಂತ ಹೇಳುತ್ತದೆ. ಐನ್ಯಾಚುರಲಿಸ್ಟ್ ತಂಡದವರ ಸೀಕ್ ಅನ್ನುವುದು ಗಿಡ, ಹುಳುಗಳಿಗೆ ಒಳ್ಳೆಯದು, ಅದಕ್ಕೆ ಖಾತೆ ತೆರೆಯಬೇಕಾಗಿಲ್ಲ, ಹಾಗಾಗಿ ಮಕ್ಕಳಿಗೆ ಸರಿಹೋಗುತ್ತದೆ. ಕಾಡಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಬೇಕಾದ್ದನ್ನೆಲ್ಲ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಎರಡು ಎಚ್ಚರಿಕೆ. ಆ್ಯಪ್ ಹೇಳಿದ್ದೆಲ್ಲ ಸರಿ ಇರುವುದಿಲ್ಲ, ಅದನ್ನು ನಂಬಿ ಯಾವ ಹಣ್ಣನ್ನೂ ಅಣಬೆಯನ್ನೂ ಬಾಯಿಗೆ ಹಾಕಬಾರದು. ಫೋನಿನಿಂದ ಹಕ್ಕಿಯ ಕೂಗು ಜೋರಾಗಿ ಹಾಕಿ ಹಕ್ಕಿಯನ್ನು ಕರೆಯಲೂ ಬಾರದು. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದು ಗಾಬರಿಯಾಗುತ್ತದೆ, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ, ಅಷ್ಟು ಹೊತ್ತು ಮರಿಗಳು ಉಪವಾಸ.

ಮಂಗಕ್ಕೆ, ಬಾತುಕೋಳಿಗೆ ಏನಾದರೂ ತಿನ್ನಲು ಕೊಡಬಹುದಾ? ಮಕ್ಕಳಿಗೆ ಅದೇ ಖುಷಿ.

ಖುಷಿ ಅನ್ನುವುದು ಗೊತ್ತು, ಆದರೂ ಬೇಡ. ಬ್ರೆಡ್ ಬಾತುಕೋಳಿಯ ಹೊಟ್ಟೆ ತುಂಬಿಸುತ್ತದೆ, ಅದರಲ್ಲಿ ಅದಕ್ಕೆ ಬೇಕಾದ ಸತ್ವ ಇಲ್ಲ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆತು ಪಾಚಿ ಕಟ್ಟುತ್ತದೆ. ಮಂಗನ ವಿಷಯ ಇನ್ನೂ ಗಂಭೀರ. ಒಬ್ಬರು ಕೊಟ್ಟರೆ ಮುಂದಿನವರ ಕೈಯಿಂದ ಕಿತ್ತುಕೊಳ್ಳುವುದನ್ನು ಅದು ಕಲಿಯುತ್ತದೆ. ಎತ್ತರದಲ್ಲಿ ಅದರ ಮುಖಕ್ಕೆ ಸರಿಯಾಗಿ ಸಿಗುವುದು ಮಕ್ಕಳೇ. ರಸ್ತೆ ಬದಿ ತಿನ್ನಲು ಕಾದು ಕೂತು ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳೂ ಇವೆ.

ಹಣ್ಣಿನ ಸಿಪ್ಪೆ ಎಸೆದರೆ ಏನು ಮಹಾ, ಕೊಳೆತುಹೋಗುತ್ತದೆ ಅನ್ನುವವರಿಗೂ ಇದೇ ಉತ್ತರ. ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಅದರ ವಾಸನೆಗೆ ಪ್ರಾಣಿಗಳು ದಾರಿಗೆ ಬರುತ್ತವೆ. ಒಂದು ಖಾಲಿ ಚೀಲ ಇಟ್ಟುಕೊಳ್ಳಿ, ಎಲ್ಲ ವಾಪಸ್ ತನ್ನಿ.

ಪ್ರಾಣಿಯಿಂದ ಎಷ್ಟು ದೂರ ನಿಲ್ಲಬೇಕು?

ಕೈ ಪೂರ್ತಿ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ. ಹೆಬ್ಬೆರಳ ಹಿಂದೆ ಪ್ರಾಣಿ ಪೂರ್ತಿ ಮರೆಯಾದರೆ ದೂರ ಸರಿ. ಆಚೀಚೆ ಕಾಣುತ್ತಿದ್ದರೆ ನೀವು ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಮಕ್ಕಳಿಗೆ ಇದು ಬಹಳ ಬೇಗ ಹಿಡಿಸುತ್ತದೆ. ಯೆಲ್ಲೋಸ್ಟೋನ್‌ನಲ್ಲಿ ಇದಕ್ಕೆ ಕಟ್ಟುನಿಟ್ಟಿನ ಅಳತೆಯೇ ಇದೆ: ಕಾಡೆಮ್ಮೆಯಂಥ ಬೈಸನ್‌ನಿಂದ ಕನಿಷ್ಠ 23 ಮೀಟರ್, ಕರಡಿ, ತೋಳಗಳಿಂದ 91 ಮೀಟರ್.

ಅಳತೆಗಿಂತ ಮುಖ್ಯ ಪ್ರಾಣಿಯ ವರ್ತನೆ. ಮೇಯುವುದು ನಿಲ್ಲಿಸಿ ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದೆ, ಕಿವಿ ನಿಮಿರಿದೆ, ಕಾಲು ನೆಲಕ್ಕೆ ಕುಟ್ಟುತ್ತಿದೆ ಅಂದರೆ ಸಾಕು, ಬೆನ್ನು ತೋರಿಸಿ ಓಡದೆ ನಿಧಾನ ಹಿಂದೆ ಹೆಜ್ಜೆ ಹಾಕಿ. ಮರಿ ಜೊತೆ ಇರುವ ತಾಯಿಯ ಹತ್ತಿರ ಹೋಗಲೇಬಾರದು. ಒಂಟಿಯಾಗಿ ಹುಲ್ಲಲ್ಲಿ ಮುದುರಿ ಕೂತ ಜಿಂಕೆಮರಿ ಕಂಡರೆ "ಅಯ್ಯೋ ಪಾಪ, ತಬ್ಬಲಿ" ಅಂತ ಎತ್ತಿಕೊಳ್ಳಬೇಡಿ. ತಾಯಿ ಮೇಯಲು ಹೋಗುವಾಗ ಹಾಗೇ ಬಚ್ಚಿಟ್ಟು ಹೋಗಿರುತ್ತದೆ.

ಬ್ಯಾಗಿನಲ್ಲಿ ಏನೇನು ಇರಬೇಕು?

ನೀರು, ಬೇಕು ಅನ್ನಿಸಿದ್ದಕ್ಕಿಂತ ಜಾಸ್ತಿ. ಕೈ ಅಂಟಾಗದ ತಿಂಡಿ. ಒಂದು ಜೊತೆ ಹೆಚ್ಚುವರಿ ಕಾಲುಚೀಲ, ಒಂದು ಪ್ಯಾಂಟು. ಬ್ಯಾಂಡೇಜು, ಚಿಮಟ, ಟಾರ್ಚು, ತೆಳು ಮಳೆಕೋಟು, ಕಸದ ಚೀಲ. ಪ್ರತಿ ಮಗುವಿನ ಕುತ್ತಿಗೆಗೋ ಬ್ಯಾಗಿಗೋ ಒಂದು ಸೀಟಿ. ಒಂದು ಭೂತಗನ್ನಡಿ ಇದ್ದರೆ ದುಬಾರಿ ಆಟಿಕೆಗಳೆಲ್ಲ ಮನೆಯಲ್ಲೇ ಇರಲಿ.

ಬಟ್ಟೆಯ ವಿಷಯದಲ್ಲಿ, ಅಭಯಾರಣ್ಯಕ್ಕೆ ಮಣ್ಣಿನ ಬಣ್ಣ, ಎಲೆಯ ಬಣ್ಣ ಒಳ್ಳೆಯದು. ಜನ ತುಂಬಿದ ದೊಡ್ಡ ಪಾರ್ಕಿಗೆ ಮಾತ್ರ ಮಕ್ಕಳಿಗೆ ಕಣ್ಣಿಗೆ ಹೊಡೆಯುವ ಬಣ್ಣ ಹಾಕಿ, ದೂರದಿಂದ ಗುರುತು ಸಿಗುತ್ತದೆ. ಕಾಲಿಗೆ ಹೊಸ ಶೂ ಬೇಡ. ಹೊಸ ಶೂ ಕಚ್ಚಿ ಗುಳ್ಳೆ ಎದ್ದರೆ ಅವತ್ತಿನ ತಿರುಗಾಟ ಅಲ್ಲಿಗೆ ಮುಗಿಯಿತು.

ಉಣುಗು, ಇಂಬಳ ಹತ್ತಿದರೆ ಏನು ಮಾಡುವುದು?

ಇಂಬಳ ನೋಡಲು ಅಸಹ್ಯ ಅನ್ನಿಸಿದರೂ ಸಾಮಾನ್ಯವಾಗಿ ಅಪಾಯ ಇಲ್ಲ. ಉಗುರಿನ ಅಂಚನ್ನು ಅದರ ಬಾಯಿಯ ಪಕ್ಕದ ಚರ್ಮಕ್ಕೆ ಒತ್ತಿ ಮೆಲ್ಲಗೆ ಜಾರಿಸಿದರೆ ಬಿಟ್ಟುಬಿಡುತ್ತದೆ. ಆಮೇಲೆ ರಕ್ತ ಬೇಗ ನಿಲ್ಲುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುತ್ತದೆ, ಅದಕ್ಕೇ ಹಾಗೆ. ತೊಳೆದು, ಒತ್ತಿ ಹಿಡಿದು, ಪಟ್ಟಿ ಕಟ್ಟಿ. ಮಗುವಿಗೆ ಹೆದರಿಕೆಯಾಗುವುದು ರಕ್ತ ನೋಡಿ, ನೀವು ಕಿರುಚದಿದ್ದರೆ ಅದೂ ಕಿರುಚುವುದಿಲ್ಲ.

ಉಣುಗು ಚಿಕ್ಕದು, ಆದರೆ ಇದನ್ನು ಹಗುರವಾಗಿ ತಗೋಬೇಡಿ. ಕೆಲವು ಉಣುಗುಗಳು ರೋಗ ಹರಡುತ್ತವೆ. ಹುಲ್ಲು, ಪೊದೆ ಇರುವ ಕಡೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿಸುತ್ತಾ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ತೊಡೆಸಂದಿ, ಮಂಡಿಯ ಹಿಂದೆ ಹುಡುಕಿ. ಕಚ್ಚಿಕೊಂಡಿದ್ದರೆ ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಒಂದೇ ಸಮನೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮುಂದಿನ ಕೆಲವು ವಾರಗಳಲ್ಲಿ ಜ್ವರವೋ ಚರ್ಮದ ಮೇಲೆ ಕೆಂಪು ಗುರುತೋ ಬಂದರೆ, ಉಣುಗು ಕಚ್ಚಿತ್ತು ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಹಾವು, ಜೇನು?

ಹಾವು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಕಾಲಿಡುವ ಜಾಗ, ಕೈಯಿಡುವ ಜಾಗ ನೋಡಿಕೊಂಡು ಇಟ್ಟರೆ ಮುಕ್ಕಾಲು ಅಪಾಯ ಕಳೆಯಿತು. ಬಿದ್ದ ದಿಮ್ಮಿ ದಾಟುವಾಗ ಮೊದಲು ಅದರ ಮೇಲೆ ಹತ್ತಿ, ಆಚೆ ಬದಿ ನೋಡಿ, ಆಮೇಲೆ ಇಳಿಯಬೇಕು. ಬಿಲದೊಳಗೆ ಕೈ ಹಾಕಬಾರದು. ಕಚ್ಚಿದರೆ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಹಾವನ್ನು ಹಿಡಿಯಲು ಹೋಗಬೇಡಿ. ಬಳೆ, ಉಂಗುರ, ವಾಚು ತೆಗೆದು, ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ಪ್ರತಿವಿಷ ಸಿಗುವುದು ಅಲ್ಲೇ.

ಜೇನಿನ ಹುಟ್ಟು ಕಂಡರೆ ಕಲ್ಲು ಎಸೆಯುವುದು, ಕೂಗಾಡುವುದು, ಹೊಗೆ ಮಾಡುವುದು ಬೇಡ. ಎದ್ದು ಬಂದರೆ ಮಗುವಿನ ಮುಖ ಮುಚ್ಚಿ, ಕೈ ಬೀಸದೆ, ನೇರ ಓಡಿ ಗಾಡಿಯೊಳಗೋ ಕಟ್ಟಡದೊಳಗೋ ಸೇರಿಕೊಳ್ಳಿ. ಕೊಂಡಿ ಚರ್ಮದಲ್ಲಿ ಉಳಿದಿದ್ದರೆ ತಕ್ಷಣ ಉಗುರಿಂದ ಕೆರೆದು ತೆಗೆಯಿರಿ, ಅದು ಕಿತ್ತುಬಂದ ಮೇಲೂ ಸ್ವಲ್ಪ ಹೊತ್ತು ವಿಷ ಒಳಗೆ ಬಿಡುತ್ತಿರುತ್ತದೆ. ಉಸಿರಾಟ ಕಷ್ಟವಾದರೆ, ತುಟಿ ಮುಖ ಊದಿದರೆ, ತುಂಬಾ ಕಡೆ ಕಚ್ಚಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಹೊಳೆ, ಜಲಪಾತದಲ್ಲಿ ಮಕ್ಕಳನ್ನು ಆಡಲು ಬಿಡಬಹುದಾ?

ಈ ವಿಷಯದಲ್ಲಿ ನಾನು ತುಂಬಾ ಬಿಗಿ. ಹಾವು, ಚಿರತೆ ಅಂತ ನಾವು ಹೆದರುತ್ತೇವೆ, ಆದರೆ ಮಕ್ಕಳ ಜೀವ ತೆಗೆಯುವುದರಲ್ಲಿ ನೀರು ಎಷ್ಟೋ ಮುಂದೆ. ಜಗತ್ತಿನಲ್ಲಿ ಮಕ್ಕಳ ಸಾವಿನ ಮುಖ್ಯ ಕಾರಣಗಳಲ್ಲಿ ಮುಳುಗುವುದೂ ಒಂದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ ಒಳಗೆ ಹೋಗುತ್ತದೆ, ಹತ್ತು ಹೆಜ್ಜೆ ಆಚೆ ಹರಟುತ್ತಾ ಕೂತವರಿಗೆ ಗೊತ್ತೂ ಆಗುವುದಿಲ್ಲ. ನೀರಿನ ಹತ್ತಿರ ಇರುವಷ್ಟು ಹೊತ್ತು ಒಬ್ಬ ದೊಡ್ಡವರಿಗೆ ಅದೊಂದೇ ಕೆಲಸ ಇರಬೇಕು: ಮಗು ಕೈಗೆಟಕುವಷ್ಟು ಹತ್ತಿರ ಇರುವುದು. ಫೋನ್ ಇಲ್ಲ, ಅಡುಗೆ ಇಲ್ಲ, ಫೋಟೋ ಇಲ್ಲ. ಸುಸ್ತಾದರೆ "ಈಗ ನೀನು ನೋಡಿಕೋ" ಅಂತ ಬಾಯಿಬಿಟ್ಟು ಹೇಳಿ ಇನ್ನೊಬ್ಬರಿಗೆ ಒಪ್ಪಿಸಿ. ಎಲ್ಲರೂ ನೋಡುತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡಾಗಲೇ ಅನಾಹುತ ಆಗುವುದು.

ಹರಿಯುವ ನೀರಿಗೆ ಬಲ ಜಾಸ್ತಿ, ಪಾದ ಮುಳುಗುವಷ್ಟೇ ಇದ್ದರೂ ರಭಸವಾಗಿದ್ದರೆ ದೊಡ್ಡವರನ್ನೂ ಕೆಡವುತ್ತದೆ. ನೀವು ಕೂತಲ್ಲಿ ಬಿಸಿಲಿದ್ದು ಮೇಲೆ ಬೆಟ್ಟದಲ್ಲಿ ಮಳೆಯಾಗಿದ್ದರೂ ಹೊಳೆ ದಿಢೀರ್ ಏರಬಹುದು. ತಿಳಿಯಾಗಿದ್ದ ನೀರು ಕೆಂಪಾಯಿತು, ಎಲೆ ಕಡ್ಡಿ ತೇಲಿ ಬರುತ್ತಿವೆ, ಸದ್ದು ಜೋರಾಯಿತು ಅಂದರೆ ಸಾಮಾನು ಅಲ್ಲೇ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ದಡ ಹತ್ತಿ.

ಗುಡುಗು ಶುರುವಾದರೆ?

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಹಿಡಿಯುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗೆ ಇದೆ, ಅಂದರೆ ನಿಮ್ಮ ತಲೆಯ ಮೇಲೂ ಬೀಳಬಹುದು. ಗಟ್ಟಿ ಕಟ್ಟಡದೊಳಗೆ, ಇಲ್ಲವೇ ಲೋಹದ ಚಾವಣಿಯ ಕಾರಿನೊಳಗೆ ಕಿಟಕಿ ಏರಿಸಿ ಕೂರಿ. ಒಂಟಿ ಮರದ ಕೆಳಗೆ, ಟೆಂಟಿನೊಳಗೆ, ತೆರೆದ ಚಪ್ಪರದ ಕೆಳಗೆ ನಿಲ್ಲುವುದು ರಕ್ಷಣೆ ಅಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಗೆ ಬನ್ನಿ.

ಬರೀ ಮಳೆಯಾದರೆ? ನೆನೆಯಲಿ ಬಿಡಿ, ಒಣ ಬಟ್ಟೆ ಇದೆ ತಾನೇ. ಮಳೆ ಬಿದ್ದ ಮೇಲೇ ಅಲ್ವಾ ಬಸವನಹುಳು, ಕಪ್ಪೆ ಎಲ್ಲ ಹೊರಗೆ ಬರುವುದು.

ಮಗು ಕಳೆದುಹೋದರೆ ಅನ್ನುವ ಭಯ ಹೋಗುವುದೇ ಇಲ್ಲ.

ಭಯವನ್ನು ಪಾಠವಾಗಿ ಮಾಡಿಕೊಳ್ಳಿ. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಬೆಟ್ಟದ ಕಾಡಿನಲ್ಲಿ ದಾರಿ ತಪ್ಪಿ, ಹುಡುಕುವವರಿಗೆ ಸಿಗುವ ಮುಂಚೆಯೇ ತೀರಿಕೊಂಡ. ಆ ದುಃಖದಿಂದ ಹುಟ್ಟಿದ್ದು 'ಹಗ್ ಎ ಟ್ರೀ' ಅನ್ನುವ ಮಕ್ಕಳ ಪಾಠ. ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ಹತ್ತಿರದ ಒಂದು ಮರ ಹಿಡಿದು ಅಲ್ಲೇ ಇರಬೇಕು, ಇಷ್ಟೇ. ಮರವನ್ನು ತಬ್ಬಿಕೊಳ್ಳಲಿ, ಅದರ ಜೊತೆ ಮಾತಾಡಲಿ, ಧೈರ್ಯ ಬರುತ್ತದೆ. ಮಗು ನಡೆಯುತ್ತಾ ಹೋದಷ್ಟೂ ಹುಡುಕಬೇಕಾದ ಜಾಗ ದೊಡ್ಡದಾಗುತ್ತದೆ, ನಿಂತಲ್ಲೇ ನಿಂತರೆ ಬೇಗ ಸಿಗುತ್ತದೆ.

ಜೊತೆಗೆ ಸೀಟಿ: ಮೂರು ಸಲ ಊದು, ನಿಲ್ಲಿಸು, ಮತ್ತೆ ಮೂರು ಸಲ. ಮೂರು ಸದ್ದು ಅಂದರೆ ಸಹಾಯ ಬೇಕು ಅಂತ ಕಾಡು ತಿರುಗುವ ಬಹಳ ಜನರಿಗೆ ಗೊತ್ತಿರುತ್ತದೆ. "ಕಳೆದುಹೋದರೆ ನಾವು ಬೈಯುವುದಿಲ್ಲ" ಅಂತಲೂ ಮೊದಲೇ ಹೇಳಿರಿ. ಬೈಗುಳಕ್ಕೆ ಹೆದರಿ ಹೆಸರು ಕೂಗಿದರೂ ಓಗೊಡದೆ ಅವಿತುಕೊಳ್ಳುವ ಮಕ್ಕಳಿದ್ದಾರೆ. ಹೊರಡುವ ಬೆಳಗ್ಗೆ ಮಗುವಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಅವತ್ತು ಏನು ಹಾಕಿತ್ತು ಅಂತ ಕೇಳಿದರೆ ತೋರಿಸಬಹುದು.

ಹೊಲ, ತೋಟ, ಹುಲ್ಲುಗಾವಲಿನ ಕಡೆ ಹೋದಾಗ ಏನು ನೋಡಿಕೊಳ್ಳಬೇಕು?

ಅದು ಯಾರದ್ದೋ ದುಡಿಮೆಯ ಜಾಗ. ಕೇಳಿ ಒಳಗೆ ಹೋಗಿ. ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಬೆಳೆಯ ನಡುವೆ ಬೇಡ, ಬದುವಿನ ಮೇಲೆ ನಡೆಯಿರಿ. ಕರು ಹಾಕಿದ ಹಸು ಸಾಧುವಲ್ಲ, ಅದಕ್ಕೂ ಕರುವಿಗೂ ನಡುವೆ ಮಗು ಹೋಗದಂತೆ ನೋಡಿಕೊಳ್ಳಿ. ಬಾವಿ, ಕೃಷಿಹೊಂಡ ಎಲ್ಲಿದೆ ಅಂತ ಮೊದಲೇ ವಿಚಾರಿಸಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಜಾರುತ್ತದೆ, ಬಿದ್ದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ.

ಮನೆ ನಾಯಿಯನ್ನು ಕರೆದುಕೊಂಡು ಹೋಗಬಹುದಾ?

ಅಭಯಾರಣ್ಯಕ್ಕೆ ಬೇಡ, ಹೆಚ್ಚಿನ ಕಡೆ ಬಿಡುವುದೂ ಇಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ನಾಯಿಯ ವಾಸನೆಯೇ ಸಾಕು ಗಾಬರಿಗೆ. ಪಾರ್ಕಿಗೆ, ಬಯಲಿಗೆ ಹಗ್ಗ ಹಾಕಿ ಕರೆದುಕೊಂಡು ಹೋಗಿ. ದನಗಳು ನಾಯಿಯನ್ನು ಅಟ್ಟಿಸಿಕೊಂಡು ಬಂದರೆ ಮಾತ್ರ ಹಗ್ಗ ಬಿಟ್ಟುಬಿಡಿ, ಅದು ಓಡಿ ತಪ್ಪಿಸಿಕೊಳ್ಳುತ್ತದೆ, ನಿಮಗೆ ಅಷ್ಟು ಜೋರು ಓಡಲು ಆಗುವುದಿಲ್ಲ.

ಟಾಯ್ಲೆಟ್ ಇಲ್ಲದ ಕಡೆ?

ಹೊಳೆ, ಕೆರೆಯಿಂದ ಕನಿಷ್ಠ 60 ಮೀಟರ್ ದೂರ, ದಾರಿಯಿಂದಲೂ ದೂರ. 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಿ. ಡೈಪರ್, ಒದ್ದೆ ಟಿಶ್ಯೂ ಹೂಳಬೇಡಿ, ಚೀಲಕ್ಕೆ ಹಾಕಿ ವಾಪಸ್ ತನ್ನಿ.

ಅಜ್ಜ ಅಜ್ಜಿ, ಗಾಲಿಕುರ್ಚಿಯಲ್ಲಿರುವವರು ಜೊತೆಗೆ ಬರಬಹುದಾ?

ಬರಲೇಬೇಕು. ಜವುಗು ಪ್ರದೇಶದ ಪಾರ್ಕುಗಳಲ್ಲಿ ಮರದ ಹಲಗೆಯ ದಾರಿ ಇರುವುದನ್ನು ಹುಡುಕಿ, ಗಾಲಿಕುರ್ಚಿಯೂ ಮಗುವಿನ ತಳ್ಳುಗಾಡಿಯೂ ಸಲೀಸಾಗಿ ಹೋಗುತ್ತವೆ. ಮೆಟ್ಟಿಲು ಇದೆಯಾ, ಕೂರಲು ಬೆಂಚು ಎಷ್ಟು ದೂರಕ್ಕೊಂದು ಇದೆ, ಟಾಯ್ಲೆಟ್ ಎಲ್ಲಿದೆ ಅಂತ ಫೋನ್ ಮಾಡಿ ಕೇಳಿ. "ಎಲ್ಲ ಅನುಕೂಲ ಇದೆ ಸಾರ್" ಅನ್ನುವ ಉತ್ತರಕ್ಕೆ ಸುಮ್ಮನಾಗದೆ ಒಂದೊಂದನ್ನೇ ಕೇಳಬೇಕು. ಹಿರಿಯರು ಕೂತ ಬೆಂಚನ್ನೇ ನಡುವಿನ ಜಾಗ ಮಾಡಿಕೊಂಡು ಮಕ್ಕಳು ಅದರ ಸುತ್ತ ಹುಡುಕಾಡಲಿ. ಸಿಕ್ಕಿದ್ದನ್ನು ಓಡಿ ಬಂದು ಅಜ್ಜಿಗೆ ತೋರಿಸುವುದರಲ್ಲೇ ಅವರಿಗೆ ಅರ್ಧ ಸಂಭ್ರಮ. ಗಿಡದ ಹೆಸರು, ಮದ್ದಿನ ಗುಣ ಹೇಳಬಲ್ಲವರೂ ಸಾಮಾನ್ಯವಾಗಿ ಅವರೇ.

ಇದೆಲ್ಲ ನಿಜವಾಗಿ ಉಪಯೋಗನಾ, ಇಲ್ಲ ಸುಮ್ನೆ ಹೇಳುತ್ತಾರಾ?

ಕಣ್ಣಿನ ವಿಷಯದಲ್ಲಿ ಗಟ್ಟಿ ಆಧಾರ ಇದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಆರೇಳು ವರ್ಷದ ಶಾಲಾ ಮಕ್ಕಳಲ್ಲಿ ಒಂದು ಗುಂಪನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿಗೆ ಕಳಿಸಿದರು. ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಸುಮಾರು ಶೇಕಡ 30 ಮಕ್ಕಳಿಗೆ ಸಮೀಪದೃಷ್ಟಿ ಬಂತು, ಹಾಗೆ ಕಳಿಸದ ಗುಂಪಿನಲ್ಲಿ ಶೇಕಡ 40ರ ಹತ್ತಿರ. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. ದೊಡ್ಡವರ ಬಗ್ಗೆ 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮೇಲೆ ನಡೆದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಅಂದದ್ದು ಜಾಸ್ತಿ. ಒಂದೇ ಸಲ ಹೋದರೂ, ನಾಲ್ಕಾರು ಸಲ ಬಿಡಿಬಿಡಿಯಾಗಿ ಹೋದರೂ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯ ಚೆನ್ನಾಗಿರುವವರೇ ಜಾಸ್ತಿ ಹೊರಗೆ ಹೋಗುತ್ತಾರೆ ಅನ್ನುವುದೂ ಇರಬಹುದು, ಹಾಗಾಗಿ ಇದನ್ನು ಮದ್ದಿನ ಚೀಟಿ ಅಂತ ತಿಳಿಯಬೇಡಿ. ಅಂತೂ ವರ್ಷಕ್ಕೊಂದು ದೊಡ್ಡ ಪ್ರವಾಸಕ್ಕೆ ದುಡ್ಡು ಕೂಡಿಡುವುದರ ಜೊತೆಗೆ ಪ್ರತಿ ವಾರ ಹತ್ತಿರದ ಪಾರ್ಕಿಗೂ ಹೋಗಿ.

ಮಕ್ಕಳು ಫೋನ್ ಬೇಕು ಅಂತ ಹಟ ಮಾಡುತ್ತಾರೆ.

ಮೊದಲ ಇಪ್ಪತ್ತು ನಿಮಿಷ ಮಾಡುತ್ತಾರೆ. ಅಷ್ಟು ಹೊತ್ತು ತಡೆದುಕೊಳ್ಳಿ, ಆಮೇಲೆ ಒಂದು ಕಡ್ಡಿಯೋ ಕಲ್ಲೋ ಕೈಗೆ ಸಿಗುತ್ತದೆ, ಮರೆತುಬಿಡುತ್ತಾರೆ. ನೀವೂ ಫೋನ್ ಒಳಗಿಡಬೇಕು ಅನ್ನುವುದೊಂದೇ ಷರತ್ತು. ಬೇಕಿದ್ದರೆ ಒಂದು ಕೆಲಸ ಕೊಡಿ: ಐದು ಬೇರೆ ಬೇರೆ ಹಸಿರು ಬಣ್ಣ ಹುಡುಕು, ಕಣ್ಣು ಮುಚ್ಚಿ ಎಷ್ಟು ಸದ್ದು ಕೇಳುತ್ತದೆ ಎಣಿಸು. ಹತ್ತು ವರ್ಷ ದಾಟಿದವರಿಗೆ ನಕ್ಷೆಯನ್ನೇ ಕೈಗೆ ಕೊಟ್ಟು ದಾರಿ ತೋರಿಸಲು ಹೇಳಿ. ಜವಾಬ್ದಾರಿ ಕೊಟ್ಟರೆ ಗೊಣಗುವುದು ತಾನಾಗಿ ಕಡಿಮೆಯಾಗುತ್ತದೆ.

ಕಲ್ಲು, ಗರಿ, ಹೂವು ಮನೆಗೆ ತರಬಹುದಾ?

ಊರಿನ ಪಾರ್ಕಿನಲ್ಲಿ ಉದುರಿದ ಎಲೆ, ಬೀಜ ತಂದರೆ ತೊಂದರೆ ಇಲ್ಲ. ಸಂರಕ್ಷಿತ ಜಾಗದಿಂದ ಏನನ್ನೂ ತರಬಾರದು, ಗರಿ, ಮುಳ್ಳು, ಕೊಂಬಿನ ತುಂಡು ಕೂಡ. ಹಲವು ದೇಶಗಳಲ್ಲಿ ಕಾಡುಹಕ್ಕಿಯ ಗರಿ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಖಾಲಿ ಗೂಡನ್ನೂ ಬಿಟ್ಟುಬಿಡಿ, ಕೆಲವು ಹಕ್ಕಿಗಳು ಮರುವರ್ಷ ಅದಕ್ಕೇ ಬರುತ್ತವೆ. ಹುಳು ನೋಡಲು ಕಲ್ಲು ಎತ್ತಿದರೆ ನೋಡಿದ ಮೇಲೆ ಮೊದಲಿದ್ದ ಹಾಗೇ ಮೆಲ್ಲಗೆ ಇಡಿ. ಎತ್ತುವಾಗ ನಿಮ್ಮ ಕಡೆಯ ಅಂಚು ನೆಲಕ್ಕೆ ತಾಗಿರಲಿ, ಆಚೆಯ ಅಂಚು ಏಳಲಿ, ಕೆಳಗೆ ಚೇಳು ಇದ್ದರೂ ಅದು ಆಚೆ ಹೋಗುತ್ತದೆ. ಮಗುವಿಗೆ ಏನಾದರೂ ಮನೆಗೆ ತರಲೇಬೇಕು ಅನ್ನಿಸಿದರೆ ಒಂದು ನೋಟ್‌ಬುಕ್ ಕೊಡಿ. ತೊಗಟೆಯ ಮೇಲೆ ಕಾಗದ ಇಟ್ಟು ಬಣ್ಣದ ಕಡ್ಡಿಯಿಂದ ಉಜ್ಜಿದರೆ ಅದರ ಅಚ್ಚು ಮೂಡುತ್ತದೆ. ಒಂದೊಂದು ಮರದ್ದು ಒಂದೊಂದು ಥರ. ಕೆಳಗೆ ತಾರೀಖು, ಜಾಗದ ಹೆಸರು ಬರೆಸಿ. ಮುಂದಿನ ಸಲ ಅದೇ ಮರದ ಹತ್ತಿರ ಹೋದಾಗ ಹೋಲಿಸಿ ನೋಡಬಹುದು.